ಸಿಂಗೂರು: ರೈತರ ಆಕ್ಷೇಪಣೆ ಹತ್ತು ವರ್ಷದ ನಂತರ ಗೆದ್ದ ಬಗೆ

ಪಶ್ಚಿಮ ಬಂಗಾಳದ ಹೂಗ್ಲಿ ಜಿಲ್ಲೆಯ ಸಿಂಗೂರು ಎಂದರೆ ನಮ್ಮ ಕಡೆ ಹೆಚ್ಚಿನವರಿಗೆ ನೆನಪಾಗುವುದು ನ್ಯಾನೊ ಕಾರು ಮತ್ತು ಮಮತಾ ಬ್ಯಾನರ್ಜಿ ಅವರ ಉಪವಾಸ. ರೈತರು ಬೀದಿಗಿಳಿದರು, ಟಾಟಾ ಮೋಟಾರ್ಸ್ ಗುಜರಾತಿಗೆ ಹೋಯಿತು, 34 ವರ್ಷದ ಎಡರಂಗ ಸರ್ಕಾರ ಬಿದ್ದುಹೋಯಿತು ಎಂಬಲ್ಲಿಗೆ ಕಥೆ ಮುಗಿಸಿಬಿಡುತ್ತೇವೆ. ಆದರೆ ಕಂಪನಿ ಊರು ಬಿಟ್ಟ ಮೇಲೂ ಸುಮಾರು ಎಂಟು ವರ್ಷ ಆ ಜಮೀನು ರೈತರ ಕೈಗೆ ಬಂದಿರಲಿಲ್ಲ. ಬಂದದ್ದು 2016ರ ಆಗಸ್ಟ್ 31ರಂದು ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪಿನಿಂದ. ಆ ತೀರ್ಪಿನಲ್ಲಿ ಇಬ್ಬರು ನ್ಯಾಯಮೂರ್ತಿಗಳಿಗೆ ಒಂದು ದೊಡ್ಡ ಪ್ರಶ್ನೆಯ ಮೇಲೆ ಒಮ್ಮತವೇ ಇರಲಿಲ್ಲ. ಆದರೂ ರೈತರು ಗೆದ್ದರು. ಹೇಗೆ ಗೆದ್ದರು, ಗೆಲ್ಲಲು ಯಾಕೆ ಹತ್ತು ವರ್ಷ ಹಿಡಿಯಿತು ಎಂಬ ಎರಡು ಪ್ರಶ್ನೆಗಳನ್ನು ಹಿಡಿದು ಈ ಪ್ರಕರಣವನ್ನು ಓದಬೇಕು. ಭೂಸ್ವಾಧೀನದ ನೋಟಿಸು ಕೈಯಲ್ಲಿ ಹಿಡಿದು ದಿಕ್ಕು ತೋಚದೆ ಕೂತಿರುವ ಕುಟುಂಬಗಳು ಇವತ್ತಿಗೂ ನಮ್ಮ ರಾಜ್ಯದಲ್ಲಿವೆ. ಅವರಿಗೆ ಸಿಂಗೂರಿನ ಮೆರವಣಿಗೆಗಿಂತ ಸಿಂಗೂರಿನ ಕಡತ ಹೆಚ್ಚು ಉಪಯೋಗಕ್ಕೆ ಬರುತ್ತದೆ ಎಂಬುದು ನನ್ನ ನಂಬಿಕೆ.

ಎರಡೇ ತಿಂಗಳಲ್ಲಿ ಕೈಬಿಟ್ಟ ಜಮೀನು

2006ರ ಮೇ ತಿಂಗಳಲ್ಲಿ ಎಡರಂಗ ಭಾರಿ ಬಹುಮತದಿಂದ ಮತ್ತೆ ಗೆದ್ದಿತು. ಮೇ 18ರಂದು ಬುದ್ಧದೇವ ಭಟ್ಟಾಚಾರ್ಯ ಮುಖ್ಯಮಂತ್ರಿಯಾಗಿ ಪ್ರಮಾಣವಚನ ಸ್ವೀಕರಿಸಿದರು. ಅದೇ ದಿನ ಟಾಟಾ ಸಣ್ಣ ಕಾರಿನ ಕಾರ್ಖಾನೆ ಸಿಂಗೂರಿಗೆ ಬರುತ್ತದೆ ಎಂಬ ಘೋಷಣೆಯೂ ಆಯಿತು. ಕೋಲ್ಕತ್ತಾದಿಂದ ಹೆಚ್ಚು ದೂರವಿಲ್ಲದ, ದುರ್ಗಾಪುರ ಎಕ್ಸ್‌ಪ್ರೆಸ್‌ವೇಗೆ ಹೊಂದಿಕೊಂಡ ನೆಲ ಅದು. ಕಂಪನಿಯ ಕಣ್ಣು ಅಲ್ಲಿಗೇ ಬಿದ್ದದ್ದರಲ್ಲಿ ಆಶ್ಚರ್ಯವಿಲ್ಲ. ಗೋಪಾಲನಗರ, ಬೇರಾಬೇರಿ, ಬಾಜೇಮೇಲಿಯಾ, ಖಾಸೇರಭೇರಿ, ಸಿಂಘೇರಭೇರಿ ಎಂಬ ಐದು ಮೌಜೆಗಳಲ್ಲಿ, ಅಂದರೆ ಕಂದಾಯ ಗ್ರಾಮಗಳಲ್ಲಿ, ಒಟ್ಟು 997.11 ಎಕರೆ ಗುರುತಾಯಿತು. ಅಲ್ಲಿನ ಹಿಡುವಳಿಗಳು ತುಂಡು ತುಂಡು. ಸಾವಿರ ಎಕರೆಯೂ ತುಂಬದ ಆ ನೆಲಕ್ಕೆ ಹಕ್ಕುದಾರರು ಹತ್ತು ಸಾವಿರಕ್ಕೂ ಮಿಕ್ಕಿ ಇದ್ದರು. ಭತ್ತ, ಆಲೂಗಡ್ಡೆ, ಸೆಣಬು, ತರಕಾರಿ ಎಂದು ವರ್ಷವಿಡೀ ಬೆಳೆಯುತ್ತಿದ್ದ ನೆಲವೂ ಅದರಲ್ಲಿ ಸೇರಿತ್ತು.

1894ರ ಭೂಸ್ವಾಧೀನ ಕಾಯ್ದೆಯ 4ನೇ ಕಲಮಿನಡಿ ಪ್ರಾಥಮಿಕ ಅಧಿಸೂಚನೆಗಳು ಹೊರಬಿದ್ದದ್ದು ಜುಲೈ ಕೊನೆಯ ಭಾಗದಲ್ಲಿ. ಉದ್ಯೋಗ ಸೃಷ್ಟಿ, ಪ್ರದೇಶದ ಸಾಮಾಜಿಕ ಮತ್ತು ಆರ್ಥಿಕ ಅಭಿವೃದ್ಧಿ ಎಂಬ ಸಾರ್ವಜನಿಕ ಉದ್ದೇಶಕ್ಕೆ ಜಮೀನು ಬೇಕಾಗಿದೆ ಎಂದು ಅವುಗಳಲ್ಲಿ ಬರೆದಿತ್ತು. ಆ ಉದ್ದೇಶ ಈಡೇರುವ ದಾರಿ ಯಾವುದು ಎಂಬುದನ್ನೂ ಅದೇ ವಾಕ್ಯ ಹೇಳಿತ್ತು: ಟಾಟಾ ಸಣ್ಣ ಕಾರು ಯೋಜನೆ ಸ್ಥಾಪನೆ. ಸರ್ಕಾರಿ ಅಧಿಸೂಚನೆಯಲ್ಲಿ ಕಂಪನಿಯ ಹೆಸರೇ ಅಚ್ಚಾದದ್ದು ಹತ್ತು ವರ್ಷದ ನಂತರ ಸರ್ಕಾರಕ್ಕೇ ತಿರುಗಿಬಿತ್ತು. ಆಗಸ್ಟ್ ಅಂತ್ಯಕ್ಕೆ 6ನೇ ಕಲಮಿನ ಅಂತಿಮ ಘೋಷಣೆಗಳು ಬಂದವು. ಸೆಪ್ಟೆಂಬರ್ 25ಕ್ಕೆ ಐತೀರ್ಪು, ಅಂದರೆ ಪರಿಹಾರದ ಮೊತ್ತ ನಿಗದಿಪಡಿಸಿದ ಆದೇಶ. ಮೊದಲ ಅಧಿಸೂಚನೆಯಿಂದ ಐತೀರ್ಪಿನವರೆಗೆ ಎಣಿಸಿದರೆ ಎರಡು ತಿಂಗಳ ಮೇಲೆ ಕೆಲವೇ ದಿನ.

ಚೆಕ್ಕು ಹಂಚುವ ದಿನವೇ ಸಿಂಗೂರಿನ ಬ್ಲಾಕ್ ಕಚೇರಿಯ ಮುಂದೆ ಗದ್ದಲವಾಯಿತು. ಡಿಸೆಂಬರ್ ಮೊದಲ ವಾರದಲ್ಲಿ ನಿಷೇಧಾಜ್ಞೆ ಹಾಕಿ, ಪೊಲೀಸರನ್ನು ನಿಲ್ಲಿಸಿ ಬೇಲಿ ಹಾಕಲಾಯಿತು. ತಡೆಯಲು ಬಂದವರ ಮೇಲೆ ಲಾಠಿಯೂ ಅಶ್ರುವಾಯುವೂ ಪ್ರಯೋಗವಾದವು. ಆ ತಿಂಗಳು ಮಮತಾ ಅವರ 25 ದಿನದ ಉಪವಾಸ ನಡೆಯಿತು. ಅದೇ ತಿಂಗಳು ಬೇಲಿಯೊಳಗಿನ ನೆಲದಲ್ಲಿ ಹೋರಾಟದ ಮನೆತನದ ಹದಿಹರೆಯದ ಹುಡುಗಿಯೊಬ್ಬಳ ಸುಟ್ಟ ದೇಹ ಸಿಕ್ಕಿತು. ಆ ಸಾವಿನ ಗಾಯ ಸಿಂಗೂರಿನಲ್ಲಿ ಇನ್ನೂ ಮಾಗಿಲ್ಲ. 2007ರ ಮಾರ್ಚ್ ಹೊತ್ತಿಗೆ ಪಶ್ಚಿಮ ಬಂಗಾಳ ಕೈಗಾರಿಕಾ ಅಭಿವೃದ್ಧಿ ನಿಗಮವು ಸುಮಾರು 645 ಎಕರೆಯನ್ನು ಟಾಟಾ ಮೋಟಾರ್ಸ್‌ಗೆ 90 ವರ್ಷದ ಗುತ್ತಿಗೆಗೆ ಬರೆದುಕೊಟ್ಟಾಗಿತ್ತು. ಉಳಿದದ್ದರಲ್ಲಿ ದೊಡ್ಡ ಪಾಲು ಬಿಡಿಭಾಗ ತಯಾರಿಸುವ ಕಂಪನಿಗಳಿಗೆ ಮೀಸಲಾಯಿತು.

ಇಲ್ಲಿ ಪರಿಹಾರದ ಲೆಕ್ಕದ ಬಗ್ಗೆ ಒಂದು ಮಾತು. ಬಂಗಾಳದ ದಾಖಲೆಗಳಲ್ಲಿ ಒಂದು ಬೆಳೆಯ ನೆಲ ‘ಸಾಲಿ’, ಅದಕ್ಕಿಂತ ಹೆಚ್ಚು ಬೆಳೆ ತೆಗೆಯುವ ನೆಲ ‘ಸುನಾ’. ನಮ್ಮಲ್ಲಿ ಖುಷ್ಕಿ, ತರಿ, ಬಾಗಾಯ್ತು ಎಂದು ಇರುವ ಹಾಗೆ. ಸುನಾಗೆ ಹೆಚ್ಚು ಬೆಲೆ, ಸಾಲಿಗೆ ಕಡಿಮೆ. ಆದರೆ ದಾಖಲೆ ಹಳೆಯದು. ಕೊಳವೆಬಾವಿ ಬಂದು ವರ್ಷಕ್ಕೆ ಎರಡು ಮೂರು ಬೆಳೆ ಕಾಣುತ್ತಿದ್ದ ಎಷ್ಟೋ ಗದ್ದೆಗಳು ಕಾಗದದಲ್ಲಿ ಸಾಲಿಯಾಗಿಯೇ ಉಳಿದಿದ್ದವು. ಹೊಲದಲ್ಲಿ ಕಾಣುವ ಸತ್ಯ ಒಂದು, ಪುಸ್ತಕದಲ್ಲಿರುವುದು ಇನ್ನೊಂದು. ಪರಿಹಾರ ಸಿಕ್ಕಿದ್ದು ಪುಸ್ತಕದ ಪ್ರಕಾರ. ಚೆಕ್ಕು ಬೇಡವೆಂದವರಲ್ಲಿ ಭೂಮಿಯ ಮೋಹಕ್ಕೆ ಬೇಡವೆಂದವರ ಜೊತೆಗೆ ಈ ಲೆಕ್ಕ ತಪ್ಪಿದೆ ಎಂದು ಸಿಟ್ಟಾದವರೂ ಇದ್ದರು. ಪಹಣಿಯಲ್ಲಿ ಒಣಭೂಮಿ ಎಂದಿದ್ದು ಹೊಲದಲ್ಲಿ ದ್ರಾಕ್ಷಿ ಚಪ್ಪರವಿರುವ ನಮ್ಮ ರೈತರಿಗೆ ಈ ಸಂಕಟವನ್ನು ಬಿಡಿಸಿ ಹೇಳಬೇಕಾಗಿಲ್ಲ.

5ಎ ಎಂಬ ಕಲಮು

1894ರ ಕಾಯ್ದೆ ಬ್ರಿಟಿಷರದ್ದು. ಸರ್ಕಾರಕ್ಕೆ ಬೇಕೆನಿಸಿದರೆ ಭೂಮಿ ಸರ್ಕಾರದ್ದು ಎಂಬುದೇ ಅದರ ಧೋರಣೆ. ಆ ಇಡೀ ಕಾಯ್ದೆಯಲ್ಲಿ, ಭೂಮಿ ಕೊಡುವುದಿಲ್ಲ ಎಂದು ರೈತ ಹೇಳಲು ಇದ್ದ ಒಂದೇ ಜಾಗ 5ಎ ಕಲಮು. ಮೊದಲಿಗೆ ಕಾಯ್ದೆಯಲ್ಲಿ ಅದೂ ಇರಲಿಲ್ಲ, 1923ರ ತಿದ್ದುಪಡಿಯಲ್ಲಿ ಸೇರಿತು. ಪ್ರಾಥಮಿಕ ಅಧಿಸೂಚನೆ ಬಂದ 30 ದಿನದೊಳಗೆ ಲಿಖಿತ ಆಕ್ಷೇಪಣೆ ಸಲ್ಲಿಸಬಹುದು. ಭೂಸ್ವಾಧೀನಾಧಿಕಾರಿ ಖುದ್ದಾಗಿ ಅಥವಾ ವಕೀಲರ ಮೂಲಕ ಅಹವಾಲು ಕೇಳಬೇಕು, ಬೇಕಾದರೆ ಸ್ಥಳ ತನಿಖೆ ಮಾಡಬೇಕು, ತನ್ನ ಶಿಫಾರಸಿನೊಂದಿಗೆ ಸರ್ಕಾರಕ್ಕೆ ವರದಿ ಕೊಡಬೇಕು. ಅದನ್ನು ಓದಿ ಸರ್ಕಾರ ತೀರ್ಮಾನಿಸಬೇಕು. ಪರಿಹಾರ ಕಡಿಮೆಯಾಯಿತು ಎಂದು ಮುಂದೆ 18ನೇ ಕಲಮಿನಡಿ ನ್ಯಾಯಾಲಯಕ್ಕೆ ಹೋಗಬಹುದು, ಆದರೆ ಅದು ದುಡ್ಡಿನ ಜಗಳ. ಭೂಮಿ ಉಳಿಸಿಕೊಳ್ಳುವ ಜಗಳಕ್ಕೆ 5ಎ ಒಂದೇ ಬಾಗಿಲು.

ಇದನ್ನೂ ಮುಚ್ಚುವ ಉಪಾಯ ಸರ್ಕಾರಗಳಿಗೆ ಗೊತ್ತಿತ್ತು. 17ನೇ ಕಲಮಿನಡಿ ‘ತುರ್ತು’ ಎಂದು ಬರೆದರೆ 5ಎ ವಿಚಾರಣೆ ಬೇಕಿರಲಿಲ್ಲ. ಉತ್ತರ ಪ್ರದೇಶದ ನೊಯ್ಡಾ ಭಾಗದ ಭೂಸ್ವಾಧೀನಗಳು 2011ರಲ್ಲಿ ನ್ಯಾಯಾಲಯದಲ್ಲಿ ಬಿದ್ದದ್ದು ಈ ತುರ್ತಿನ ದುರುಪಯೋಗದಿಂದಲೇ. ಸಿಂಗೂರಿನಲ್ಲಿ ಬಂಗಾಳ ಸರ್ಕಾರ ಹಾಗೆ ಮಾಡಲಿಲ್ಲ. ಆಕ್ಷೇಪಣೆ ಕರೆಯಿತು. ರೈತರು ಬರೆದುಕೊಟ್ಟರು. ನಮ್ಮದು ಫಲವತ್ತಾದ, ಹಲವು ಬೆಳೆಯ ನೆಲ, ಇದೇ ನಮ್ಮ ಅನ್ನ, ಬೇರೆ ಜಾಗ ನೋಡಿ ಎಂದರು. ಎಲ್ಲವೂ ತಿರಸ್ಕೃತವಾದವು. ಆಗ ಆ ಅರ್ಜಿಗಳಿಂದ ಏನೂ ಆಗಲಿಲ್ಲ. ಬೇಲಿ ಬಂತು, ಕಾಂಕ್ರೀಟು ಬಂತು. ಅರ್ಜಿ ಕೊಟ್ಟು ಏನು ಪ್ರಯೋಜನ ಎಂದು ಊರಲ್ಲಿ ಯಾರಾದರೂ ಕೇಳಿದ್ದರೆ ಉತ್ತರ ಕೊಡುವುದು ಕಷ್ಟವಿತ್ತು. ಆ ಕಾಗದಗಳು ಕಡತದಲ್ಲಿ ಕೂತಿದ್ದವು, ಅಷ್ಟೆ.

ಹೈಕೋರ್ಟಿನಲ್ಲಿ ಸೋಲು

ರೈತರ ಪರವಾಗಿ ಹಲವು ರಿಟ್ ಅರ್ಜಿಗಳು ಕಲ್ಕತ್ತಾ ಹೈಕೋರ್ಟಿಗೆ ಹೋದವು. ಅವರ ವಾದದ ತಿರುಳು ಎರಡು. ಇದು ಸಾರ್ವಜನಿಕ ಉದ್ದೇಶವಲ್ಲ, ಒಂದು ಕಂಪನಿಗಾಗಿ ಮಾಡಿದ ಭೂಸ್ವಾಧೀನ ಎಂಬುದು ಮೊದಲನೆಯದು. ಆಕ್ಷೇಪಣೆಗಳನ್ನು ಕೇಳಿದ ಶಾಸ್ತ್ರವಷ್ಟೇ ನಡೆದಿದೆ ಎಂಬುದು ಎರಡನೆಯದು. 2008ರ ಜನವರಿ 18ರಂದು ವಿಭಾಗೀಯ ಪೀಠ ಎರಡನ್ನೂ ಒಪ್ಪದೆ ಅರ್ಜಿಗಳನ್ನು ವಜಾ ಮಾಡಿತು. ಕೈಗಾರಿಕೆಯಿಂದ ಉದ್ಯೋಗ ಬರುತ್ತದೆ, ಪರಿಹಾರ ಕೊಡುವುದು ಸರ್ಕಾರಿ ನಿಗಮ, ಹಾಗಾಗಿ ಸಾರ್ವಜನಿಕ ಉದ್ದೇಶವೇ ಎಂಬುದು ಹೈಕೋರ್ಟಿನ ನಿಲುವಾಗಿತ್ತು.

ಮೊದಲ ವಾದ ಯಾಕೆ ಅಷ್ಟು ಮುಖ್ಯವಾಗಿತ್ತು ಎಂಬುದನ್ನು ಸ್ವಲ್ಪ ನಿಧಾನವಾಗಿ ನೋಡೋಣ. ಹಳೆಯ ಕಾಯ್ದೆಯಲ್ಲಿ ಕಂಪನಿಗಾಗಿ ಭೂಸ್ವಾಧೀನ ಮಾಡುವುದಕ್ಕೆ 7ನೇ ಭಾಗ ಎಂಬ ಪ್ರತ್ಯೇಕ ದಾರಿ ಇತ್ತು. ಆ ದಾರಿ ಬಿಗಿ. ಕಂಪನಿ ಸರ್ಕಾರದೊಂದಿಗೆ ಕರಾರು ಮಾಡಿಕೊಳ್ಳಬೇಕು. 1963ರ ನಿಯಮಗಳ ಪ್ರಕಾರ ಕಂಪನಿಯು ತಾನೇ ಮಾಲೀಕರ ಜೊತೆ ಮಾತುಕತೆ ನಡೆಸಿ ನ್ಯಾಯವಾದ ಬೆಲೆಗೆ ಕೊಳ್ಳಲು ಪ್ರಯತ್ನಪಟ್ಟಿದೆಯೇ ಎಂದು ಅಧಿಕಾರಿ ವರದಿ ಮಾಡಬೇಕು. ಅದು ಒಳ್ಳೆಯ ಬೇಸಾಯದ ನೆಲವೇ ಎಂದು ಜಿಲ್ಲೆಯ ಹಿರಿಯ ಕೃಷಿ ಅಧಿಕಾರಿಯನ್ನು ಕೇಳಬೇಕು. ಒಳ್ಳೆಯ ನೆಲವಾದರೆ ಬೇರೆ ಜಾಗ ಸಿಗುವುದಿಲ್ಲವೇ ಎಂದು ನೋಡಬೇಕು. ಸಿಂಗೂರಿನಲ್ಲಿ ಇಷ್ಟೂ ಪ್ರಶ್ನೆಗಳನ್ನು ಪ್ರಾಮಾಣಿಕವಾಗಿ ಕೇಳಿದ್ದರೆ ಕಾರ್ಖಾನೆ ಬಹುಶಃ ಬೇರೆಲ್ಲೋ ಏಳುತ್ತಿತ್ತು.

ಈ ದಾರಿಯನ್ನು ತಪ್ಪಿಸಿಕೊಳ್ಳುವುದು ಸುಲಭವಾಗಿತ್ತು. ಪರಿಹಾರದ ದುಡ್ಡಿನಲ್ಲಿ ಒಂದಿಷ್ಟಾದರೂ ಸರ್ಕಾರದ ಬೊಕ್ಕಸದಿಂದ ಬಂದರೆ ಅದು ಸಾರ್ವಜನಿಕ ಉದ್ದೇಶವೆನಿಸಿಕೊಳ್ಳುತ್ತಿತ್ತು. 1962ರಲ್ಲಿ ತೀರ್ಮಾನವಾದ ಪಂಜಾಬಿನ ಒಂದು ಪ್ರಕರಣದಲ್ಲಿ ಸರ್ಕಾರ ಹಾಕಿದ್ದು ಬರೀ 100 ರೂಪಾಯಿ. ಅದನ್ನೂ ಸುಪ್ರೀಂ ಕೋರ್ಟ್ ಒಪ್ಪಿಕೊಂಡಿತ್ತು. ನೂರು ರೂಪಾಯಿಗೆ ಒಂದು ಕಾಯ್ದೆಯ ಇಡೀ ಭಾಗವನ್ನು ಬದಿಗೆ ಸರಿಸಬಹುದಾದರೆ ಆ ಭಾಗ ರೈತನನ್ನು ಕಾಯುವುದಾದರೂ ಹೇಗೆ? ಸಿಂಗೂರಿನ ರೈತರು ಎದುರಿಸುತ್ತಿದ್ದದ್ದು ಐದು ದಶಕದ ಈ ತೀರ್ಪುಗಳ ಗೋಡೆಯನ್ನು.

ಹೈಕೋರ್ಟಿನಲ್ಲಿ ಸೋತಿದ್ದಕ್ಕಿಂತ ದೊಡ್ಡ ಪೆಟ್ಟು ಬಿದ್ದದ್ದು ತಡೆಯಾಜ್ಞೆ ಸಿಗದೆ ಹೋದದ್ದರಿಂದ. ಅರ್ಜಿ ಹೈಕೋರ್ಟಿನಲ್ಲಿದ್ದಾಗಲೂ ಕೆಲಸ ನಡೆದಿತ್ತು. ಮೇಲ್ಮನವಿ ಸುಪ್ರೀಂ ಕೋರ್ಟಿಗೆ ಹೋದ ಮೇಲೂ ಕಾಮಗಾರಿ ನಿಲ್ಲಲಿಲ್ಲ. ತಗ್ಗಿನ ಗದ್ದೆಗಳಿಗೆ ಮಣ್ಣು ಮತ್ತು ಹಾರುಬೂದಿ ತುಂಬಿ ಎತ್ತರಿಸಿದರು. ಬದುಗಳು ಮುಚ್ಚಿದವು, ಕೊಳವೆಬಾವಿಗಳು ಮಣ್ಣಡಿ ಸೇರಿದವು, ಶೆಡ್ಡುಗಳು ಎದ್ದವು. ಗೆದ್ದರೆ ಜಮೀನು ವಾಪಸು ಬರುತ್ತದೆ, ಆದರೆ ಯಾವ ಜಮೀನು? ನ್ಯಾಯಾಲಯದಲ್ಲಿ ವ್ಯಾಜ್ಯದ ವಸ್ತು ಇರುವಂತೆಯೇ ಹೊಲದಲ್ಲಿ ಅದು ಇಲ್ಲವಾಗುತ್ತಿತ್ತು.

ಮುಂದಿನದು ಎಲ್ಲರಿಗೂ ಗೊತ್ತಿರುವ ಕಥೆ. 2008ರ ಆಗಸ್ಟ್ 24ರಿಂದ ಹೆದ್ದಾರಿಯಲ್ಲಿ ಧರಣಿ, ರಾಜ್ಯಪಾಲ ಗೋಪಾಲಕೃಷ್ಣ ಗಾಂಧಿ ಅವರ ಸಂಧಾನ, ಅದೂ ಮುರಿದುಬಿದ್ದು ಅಕ್ಟೋಬರ್ 3ರಂದು ರತನ್ ಟಾಟಾ ಸಿಂಗೂರು ಬಿಡುವ ನಿರ್ಧಾರ ಪ್ರಕಟಿಸಿದ್ದು. ಆ ದಿನಗಳಲ್ಲಿ ಕರ್ನಾಟಕವೂ ಧಾರವಾಡದ ಬಳಿ ಜಾಗ ಕೊಡುತ್ತೇವೆ ಎಂದು ಕರೆದಿತ್ತು. ಕಾರ್ಖಾನೆ ಗುಜರಾತಿನ ಸಾನಂದಕ್ಕೆ ಹೋಯಿತು.

ಗೆದ್ದ ಸರ್ಕಾರ, ಬಿದ್ದ ಕಾಯ್ದೆ

2011ರ ಮೇನಲ್ಲಿ ಮಮತಾ ಬ್ಯಾನರ್ಜಿ ಮುಖ್ಯಮಂತ್ರಿಯಾದರು. ಜಮೀನು ಈಗ ಸಿಕ್ಕೇಬಿಟ್ಟಿತು ಎಂದು ಸಿಂಗೂರು ನಂಬಿತು. ಜೂನ್‌ನಲ್ಲೇ ವಿಧಾನಸಭೆ ಸಿಂಗೂರು ಭೂ ಪುನರ್ವಸತಿ ಮತ್ತು ಅಭಿವೃದ್ಧಿ ಕಾಯ್ದೆಯನ್ನು ಅಂಗೀಕರಿಸಿತು. ಕಂಪನಿ ಯೋಜನೆ ಕೈಬಿಟ್ಟಿರುವುದರಿಂದ ಗುತ್ತಿಗೆ ಜಮೀನು ಸರ್ಕಾರಕ್ಕೆ ಮರಳುತ್ತದೆ, ಪರಿಹಾರ ಪಡೆಯದವರಿಗೆ ಹಿಂತಿರುಗಿಸಲಾಗುತ್ತದೆ ಎಂಬುದು ಅದರ ಸಾರ. ಟಾಟಾ ಮೋಟಾರ್ಸ್ ಕೂಡಲೇ ಹೈಕೋರ್ಟಿಗೆ ಹೋಯಿತು. ರೈತರಿಗೆ ಜಮೀನು ಹಂಚದಂತೆ ಸುಪ್ರೀಂ ಕೋರ್ಟ್ ತಡೆಯಿತು. ಹೈಕೋರ್ಟಿನ ಏಕಸದಸ್ಯ ಪೀಠ ಕಾಯ್ದೆಯನ್ನು ಎತ್ತಿಹಿಡಿಯಿತು. 2012ರ ಜೂನ್ 22ರಂದು ವಿಭಾಗೀಯ ಪೀಠ ಅದನ್ನು ಅಸಾಂವಿಧಾನಿಕವೆಂದು ರದ್ದು ಮಾಡಿತು. ಕೇಂದ್ರದ ಭೂಸ್ವಾಧೀನ ಕಾಯ್ದೆಗೆ ವಿರುದ್ಧವಾದ ರಾಜ್ಯ ಕಾಯ್ದೆಗೆ ರಾಷ್ಟ್ರಪತಿಗಳ ಒಪ್ಪಿಗೆ ಬೇಕು, ಅದನ್ನು ಪಡೆದಿರಲಿಲ್ಲ.

ರೈತರ ಪರವಾಗಿಯೇ ಬರೆದ ಕಾಯ್ದೆ ಅವಸರದಲ್ಲಿ ಬರೆದದ್ದರಿಂದ ರೈತರಿಗೇ ಮುಳುವಾಯಿತು. ಇನ್ನೂ ನಾಲ್ಕು ವರ್ಷ ಕಾಯಬೇಕಾಯಿತು. ಜಮೀನು ಬಿಟ್ಟುಕೊಡಲು ಒಪ್ಪದವರಿಗೆ ಸರ್ಕಾರ ತಿಂಗಳ ಭತ್ಯೆ, ಎರಡು ರೂಪಾಯಿ ಕಿಲೋ ಅಕ್ಕಿ ಕೊಡುತ್ತಿತ್ತು. ಸ್ವಂತ ಗದ್ದೆಯ ಅಕ್ಕಿ ಉಂಡವರು ಪಡಿತರದ ಸಾಲಿನಲ್ಲಿ ನಿಂತ ವರ್ಷಗಳವು.

ಒಂದೇ ಆದೇಶ, ಎರಡು ಅಭಿಪ್ರಾಯ

2008ರ ಸೋಲಿನ ಮೇಲಿನ ಮೇಲ್ಮನವಿಗಳು ಕೊನೆಗೆ ನ್ಯಾಯಮೂರ್ತಿ ವಿ. ಗೋಪಾಲಗೌಡ ಮತ್ತು ನ್ಯಾಯಮೂರ್ತಿ ಅರುಣ್ ಮಿಶ್ರಾ ಅವರ ಪೀಠದ ಮುಂದೆ ಬಂದವು. ಗೋಪಾಲಗೌಡರು ನಮ್ಮ ಚಿಂತಾಮಣಿ ಕಡೆಯವರು, ಕರ್ನಾಟಕ ಹೈಕೋರ್ಟಿನ ನ್ಯಾಯಮೂರ್ತಿಯಾಗಿದ್ದವರು. ನಿವೃತ್ತಿಗೆ ಒಂದು ತಿಂಗಳ ಮೇಲೆ ಕೆಲವು ದಿನ ಉಳಿದಿದ್ದಾಗ ಈ ತೀರ್ಪು ಬರೆದರು.

ಗೋಪಾಲಗೌಡರು ಅಧಿಸೂಚನೆಯ ಆ ವಾಕ್ಯಕ್ಕೇ ಕೈಹಾಕಿದರು. ಕಂಪನಿಯ ಹೆಸರು ಅಲ್ಲೇ ಇದೆ. ಜಾಗ ಆರಿಸಿದ್ದರಲ್ಲಿ ಕಂಪನಿಯ ಪಾತ್ರವಿದೆ. ಸಂಪುಟ ಒಪ್ಪಿದ್ದು ಕಂಪನಿಯ ಯೋಜನೆಗೆ. ಹಾಗಿದ್ದ ಮೇಲೆ ಇದು ಕಂಪನಿಗಾಗಿ ಮಾಡಿದ ಭೂಸ್ವಾಧೀನ, 7ನೇ ಭಾಗದ ನಿಯಮಗಳನ್ನು ಪಾಲಿಸಬೇಕಿತ್ತು, ಪಾಲಿಸಿಲ್ಲ ಎಂದರು. ಅಭಿವೃದ್ಧಿಯ ಹೊರೆಯನ್ನು ಸಮಾಜದ ಅತ್ಯಂತ ದುರ್ಬಲರು, ಅದರಲ್ಲೂ ಬಲಾಢ್ಯ ಸರ್ಕಾರದೆದುರು ದನಿ ಎತ್ತಲಾಗದ ಬಡ ಕೃಷಿ ಕಾರ್ಮಿಕರು ಹೊರಬೇಕಾಗಿ ಬಂದಾಗ ನ್ಯಾಯಾಲಯ ಇನ್ನಷ್ಟು ಎಚ್ಚರದಿಂದ ನೋಡಬೇಕು ಎಂಬ ಆಶಯ ಅವರ ತೀರ್ಪಿನಲ್ಲಿದೆ. ಮಿಶ್ರಾ ಅವರು ಇದನ್ನು ಒಪ್ಪಲಿಲ್ಲ. ದುಡ್ಡು ಸರ್ಕಾರದ್ದು, ಭೂಮಿ ನಿಗಮದ ಹೆಸರಿಗೆ ಹೋಗಿದೆ, ಕಾರ್ಖಾನೆಯಿಂದ ಜನರಿಗೆ ಉದ್ಯೋಗ ಸಿಗುತ್ತದೆ, ಆದ್ದರಿಂದ ಸಾರ್ವಜನಿಕ ಉದ್ದೇಶವೇ ಎಂದರು.

ದೇಶವೆಲ್ಲ ಚರ್ಚಿಸಿದ ಪ್ರಶ್ನೆ, ಕೈಗಾರಿಕೆಯೋ ಬೇಸಾಯವೋ ಎಂಬ ಪ್ರಶ್ನೆ, ಹೀಗೆ ಒಂದಕ್ಕೊಂದು ಎಂದು ನಿಂತುಬಿಟ್ಟಿತು. ಅದೊಂದೇ ವಾದವನ್ನು ನಂಬಿಕೊಂಡಿದ್ದರೆ ಸಿಂಗೂರಿಗೆ ಆ ದಿನ ಜಮೀನು ಸಿಗುತ್ತಿರಲಿಲ್ಲ. ಇಬ್ಬರೂ ಕೂಡಿದ್ದು 5ಎ ಕಲಮಿನಲ್ಲಿ. ಆಕ್ಷೇಪಣೆಗಳನ್ನು ಅಧಿಕಾರಿ ಮನಸ್ಸಿಟ್ಟು ಪರಿಶೀಲಿಸಿಲ್ಲ, ಕಾರಣ ಕೊಡದೆ ಯಾಂತ್ರಿಕವಾಗಿ ತಳ್ಳಿಹಾಕಿದ್ದಾರೆ, ಜಾಗ ಇದೇ ಎಂದು ಸರ್ಕಾರ ಮೊದಲೇ ತೀರ್ಮಾನಿಸಿಯಾಗಿತ್ತು, ವಿಚಾರಣೆ ಬರೀ ನೆಪವಾಯಿತು ಎಂಬಲ್ಲಿ ಇಬ್ಬರದೂ ಒಂದೇ ಮಾತು. ಐತೀರ್ಪಿನ ವಿಚಾರಣೆಯೂ ಸರಿಯಾಗಿ ನಡೆದಿಲ್ಲ ಎಂದರು. 2006ರ ಮಳೆಗಾಲದಲ್ಲಿ ಯಾರಿಗೂ ಬೇಡವಾಗಿ ಕಡತ ಸೇರಿದ್ದ ಆ ಅರ್ಜಿಗಳೇ 997 ಎಕರೆಯನ್ನು ಬಿಡಿಸಿ ತಂದವು.

ಆದೇಶ ಸ್ಪಷ್ಟವಾಗಿತ್ತು. ಭೂಸ್ವಾಧೀನ ರದ್ದು. ಮೌಜೆಗಳ ಹಳೆಯ ನಕ್ಷೆ ಹಿಡಿದು 10 ವಾರದೊಳಗೆ ಅಳತೆ ಮಾಡಿ ಯಾರದು ಎಲ್ಲಿತ್ತು ಎಂದು ಗುರುತಿಸಬೇಕು. 12 ವಾರದೊಳಗೆ ಜಮೀನನ್ನು ರೈತರ ವಶಕ್ಕೆ ಕೊಡಬೇಕು. ಪರಿಹಾರ ಪಡೆದವರು ಅದನ್ನು ವಾಪಸು ಕೊಡಬೇಕಾಗಿಲ್ಲ, ಏಕೆಂದರೆ ಹತ್ತು ವರ್ಷ ಅವರು ನೆಲದ ಅನುಭೋಗ ಕಳೆದುಕೊಂಡಿದ್ದಾರೆ. ಪಡೆಯದವರು ಈಗಲೂ ಪಡೆಯಬಹುದು. ನ್ಯಾಯಾಲಯಗಳು ಇಷ್ಟು ತೆರೆದ ಕೈಯಿಂದ ಪರಿಹಾರ ನೀಡುವುದು ಅಪರೂಪ. ಇದನ್ನು ಎಲ್ಲ ಪ್ರಕರಣಕ್ಕೂ ಎಳೆಯಲಾಗದು ಎಂಬುದು 2025ರ ಅಕ್ಟೋಬರ್‌ನಲ್ಲಿ ಇನ್ನೂ ಸ್ಪಷ್ಟವಾಯಿತು. ಅದೇ ಸಿಂಗೂರಿನಲ್ಲಿ ಜಮೀನು ಕಳೆದುಕೊಂಡು ಪರಿಹಾರ ಪಡೆದು ಸುಮ್ಮನಿದ್ದ ಒಂದು ಕಾರ್ಖಾನೆ, ತನಗೂ ಭೂಮಿ ಮರಳಿಸಿ ಎಂದು ಕೇಳಿತು. 2016ರ ಪರಿಹಾರ ದನಿಯಿಲ್ಲದ ಬಡ ರೈತರಿಗಾಗಿ ಕೊಟ್ಟದ್ದು, ಸಕಾಲದಲ್ಲಿ ಪ್ರಶ್ನಿಸುವ ಶಕ್ತಿಯಿದ್ದೂ ಸುಮ್ಮನಿದ್ದವರಿಗಲ್ಲ ಎಂದು ಸುಪ್ರೀಂ ಕೋರ್ಟ್ ಹೇಳಿತು. ಅದು ಸರಿಯಾದ ಮಾತು ಎಂದೇ ನನಗನಿಸುತ್ತದೆ.

ವಶಕ್ಕೆ ಬಂದದ್ದು ಏನು

2016ರ ಸೆಪ್ಟೆಂಬರ್ 14ರಂದು ಸಿಂಗೂರಿನಲ್ಲೇ ದೊಡ್ಡ ಸಭೆ ಮಾಡಿ ‘ಪರ್ಚಾ’ ಎಂಬ ಹಕ್ಕುಪತ್ರ ಹಂಚಿದರು. ಅಕ್ಟೋಬರ್‌ನಲ್ಲಿ ಮುಖ್ಯಮಂತ್ರಿಯೇ ಹೊಲಕ್ಕಿಳಿದು ಸಾಸಿವೆ ಬಿತ್ತಿದರು. ಶೆಡ್ಡುಗಳನ್ನು ಒಡೆದುಹಾಕಿದರು. ಕಾನೂನಿನ ಪ್ರಕಾರ ಜಮೀನು ಮರಳಿತು.

ಆದರೆ ಕೆಲವು ಕಡೆ ಬೆಳೆ ಬಂತು, ಕೆಲವು ಕಡೆ ಬರಲಿಲ್ಲ. ಕಾರ್ಖಾನೆಯ ಅಡಿಪಾಯವಿದ್ದ ಕಡೆ ಕಾಂಕ್ರೀಟಿನ ತುಂಡು, ಕಲ್ಲು, ಬೂದಿ. ಬದು ಎಲ್ಲಿತ್ತೆಂದು ಗುರುತು ಸಿಗದು. ನೀರು ಹರಿದುಹೋಗುವ ದಾರಿಗಳು ಮುಚ್ಚಿಹೋಗಿದ್ದರಿಂದ ಮಳೆ ನೀರು ನಿಲ್ಲತೊಡಗಿತು. ಉಳುಮೆಗೆ ಯೋಗ್ಯ ಮಾಡಿಕೊಡಿ ಎಂದು ರೈತರು ಮುಂದಿನ ವರ್ಷಗಳಲ್ಲೂ ಬೇಡುತ್ತಲೇ ಬಂದರು. ಎಷ್ಟೋ ನೆಲ ಹುಲ್ಲು ಮುಳ್ಳು ಬೆಳೆದು ಬೀಳುಬಿದ್ದಿತು. ಹತ್ತು ವರ್ಷ ತಡೆಯಾಜ್ಞೆಯಿಲ್ಲದೆ ನಡೆದ ವ್ಯಾಜ್ಯದ ಬೆಲೆ ಇದು.

ವಾಪಸು ಏನೂ ಬಾರದವರೂ ಇದ್ದರು. 1978ರಲ್ಲಿ ಆರಂಭವಾದ ಆಪರೇಷನ್ ಬರ್ಗಾ ಬಂಗಾಳದ ವಾರದಾರರ ಹೆಸರನ್ನು ದಾಖಲೆಗೆ ಏರಿಸಿತ್ತು. ಹಾಗೆ ಹೆಸರಿದ್ದ ಬರ್ಗಾದಾರರಿಗೆ ಪರಿಹಾರದಲ್ಲಿ ಪಾಲು ಸಿಕ್ಕಿತು. ಬಾಯಿಮಾತಿನ ಮೇಲೆ ವಾರಕ್ಕೆ ಮಾಡುತ್ತಿದ್ದವರಿಗೆ, ಕೂಲಿಗೆ ಬರುತ್ತಿದ್ದವರಿಗೆ ಕೊಡುವಾಗಲೂ ಲೆಕ್ಕ ಹಿಡಿಯಲಿಲ್ಲ, ಮರಳಿಸುವಾಗಲೂ ಹಿಡಿಯಲಿಲ್ಲ. ಇತ್ತ ಕಂಪನಿಯ ನಷ್ಟದ ಲೆಕ್ಕ ಬೇರೆ ದಾರಿಯಲ್ಲಿ ನಡೆಯಿತು. 2023ರ ಅಕ್ಟೋಬರ್ 30ರಂದು ಮಧ್ಯಸ್ಥಿಕೆ ನ್ಯಾಯಮಂಡಳಿ ಟಾಟಾ ಮೋಟಾರ್ಸ್‌ಗೆ 765.78 ಕೋಟಿ ರೂಪಾಯಿ, ಅದರ ಮೇಲೆ 2016ರ ಸೆಪ್ಟೆಂಬರ್ 1ರಿಂದ ಶೇ 11ರ ಬಡ್ಡಿ ಕೊಡಬೇಕೆಂದು ನಿಗಮಕ್ಕೆ ಹೇಳಿತು. ಕರಾರು ಕಾಗದ ಕೈಯಲ್ಲಿದ್ದವರಿಗೆ ನಷ್ಟ ಭರ್ತಿಯ ದಾರಿ ಇತ್ತು. ಕಾಗದವೇ ಇಲ್ಲದ ವಾರದಾರನಿಗೆ ಯಾವ ಮಂಡಳಿಯೂ ಇರಲಿಲ್ಲ.

ನಮ್ಮ ನೋಟಿಸಿಗೆ ಇದರಿಂದ ಏನು

1894ರ ಕಾಯ್ದೆ ಈಗಿಲ್ಲ. 2014ರ ಜನವರಿ 1ರಿಂದ ಜಾರಿಗೆ ಬಂದ ಹೊಸ ಕೇಂದ್ರ ಕಾಯ್ದೆಯ ಪ್ರಕಾರ ಖಾಸಗಿ ಕಂಪನಿಗಾದರೆ ಶೇ 80ರಷ್ಟು ಬಾಧಿತ ಕುಟುಂಬಗಳ ಒಪ್ಪಿಗೆ ಬೇಕು, ಸಾಮಾಜಿಕ ಪರಿಣಾಮದ ಅಧ್ಯಯನ ಬೇಕು. ಈ ಬದಲಾವಣೆಗೆ ಸಿಂಗೂರು, ನಂದಿಗ್ರಾಮಗಳ ಕಾವು ಮುಖ್ಯ ಕಾರಣ. ಆದರೆ ಕರ್ನಾಟಕದಲ್ಲಿ ಕೈಗಾರಿಕೆಗೆ ಭೂಮಿ ತೆಗೆದುಕೊಳ್ಳುವುದು ಹೆಚ್ಚಾಗಿ 1966ರ ಕೆಐಎಡಿಬಿ (ಕರ್ನಾಟಕ ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿ) ಕಾಯ್ದೆಯಡಿ, ಮತ್ತು ಅದರಲ್ಲಿ ಶೇ 80ರ ಒಪ್ಪಿಗೆಯ ಮಾತಿಲ್ಲ. ನಮ್ಮ ರೈತರಿಗೆ ಅಲ್ಲಿರುವ ಬಾಗಿಲು ಸಿಂಗೂರಿನವರಿಗೆ ಇದ್ದ ಅದೇ ಅಳತೆಯದು. 28(1)ರ ಪ್ರಾಥಮಿಕ ಅಧಿಸೂಚನೆಯಾದ ಮೇಲೆ 28(2)ರಡಿ ಮಾಲೀಕನಿಗೂ ಸ್ವಾಧೀನದಲ್ಲಿರುವವನಿಗೂ ನೋಟಿಸು, 30 ದಿನದೊಳಗೆ ಆಕ್ಷೇಪಣೆ, 28(3)ರಡಿ ವಿಚಾರಣೆ ಮತ್ತು ಆದೇಶ. 28(4)ರ ಅಂತಿಮ ಘೋಷಣೆ ಗೆಜೆಟ್ಟಿಗೆ ಬಂದರೆ 28(5)ರ ಪ್ರಕಾರ ಜಮೀನು ಸರ್ಕಾರದ್ದು. ಆಮೇಲೆ 30 ದಿನದೊಳಗೆ ಬಿಟ್ಟುಕೊಡಿ ಎಂಬ ನೋಟಿಸು, ಬಿಡದಿದ್ದರೆ ಬಲಪ್ರಯೋಗ.

ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯ ರೈತರು 1,777 ಎಕರೆಗಾಗಿ ಮೂರು ವರ್ಷಕ್ಕೂ ಮಿಕ್ಕಿ ಧರಣಿ ಕೂತು, 2025ರ ಜುಲೈ 15ರಂದು ಸರ್ಕಾರವೇ ಹಿಂದೆ ಸರಿಯುವಂತೆ ಮಾಡಿದರು. ಅದು ಚಳವಳಿಯ ಗೆಲುವು, ದೊಡ್ಡ ಗೆಲುವು. ಎಲ್ಲ ಊರಿಗೂ ಅಷ್ಟು ಜನಬಲ ಕೂಡಿಬರುವುದಿಲ್ಲ. ಎರಡು ಎಕರೆಯ ಒಂಟಿ ಕುಟುಂಬಕ್ಕೆ ಉಳಿಯುವುದು ಕೋರ್ಟಿನ ರಕ್ಷಣೆ ಮಾತ್ರ, ಮತ್ತು ಅದಕ್ಕೆ ಬೇಕಾದ ಸಾಮಗ್ರಿ ಕೋರ್ಟಿಗೆ ಹೋಗುವ ಮೊದಲೇ ತಯಾರಾಗಬೇಕು.

ಆಕ್ಷೇಪಣೆ ಸಲ್ಲಿಸದವರು ಮುಂದೆ ಭೂಸ್ವಾಧೀನವನ್ನು ಪ್ರಶ್ನಿಸಲಾಗದು ಎಂದು ಸುಪ್ರೀಂ ಕೋರ್ಟ್ 2000ದಲ್ಲೇ ಹೇಳಿದೆ. ಹೇಗೂ ತಿರಸ್ಕರಿಸುತ್ತಾರೆ, ಕೊಟ್ಟು ಏನು ಬಂತು ಎಂದು ಬಿಡುವವರು ಈ ಮಾತನ್ನು ಕೇಳಿಸಿಕೊಳ್ಳಬೇಕು. ಊರಿಗೆಲ್ಲ ಒಂದೇ ಒಕ್ಕಣೆಯ ಅರ್ಜಿ ಬರೆದು ಹೆಬ್ಬೆಟ್ಟು ಒತ್ತಿಸುವುದಕ್ಕಿಂತ ಪ್ರತಿ ಸರ್ವೆ ನಂಬರಿಗೂ ಬೇರೆ ಅರ್ಜಿ ಒಳ್ಳೆಯದು. ಈ ನಂಬರಿನಲ್ಲಿ ಕೊಳವೆಬಾವಿ ಇದೆ, ಇಂಥ ಬೆಳೆ ಇದೆ, ಇಷ್ಟು ಜನ ಇದನ್ನೇ ನಂಬಿದ್ದೇವೆ, ಪಕ್ಕದಲ್ಲಿ ಪಾಳು ಜಮೀನಿದೆ ಎಂದು ಬರೆದರೆ ಅಧಿಕಾರಿ ಒಂದೊಂದಕ್ಕೂ ಉತ್ತರ ಕೊಡಬೇಕಾಗುತ್ತದೆ. ಕೊಡದಿದ್ದರೆ ಆ ಮೌನವೇ ಮುಂದೆ ರಿಟ್ ಅರ್ಜಿಯ ಆಧಾರ. ಸ್ವೀಕೃತಿಯ ಮೊಹರು ಹಾಕಿಸಿಕೊಂಡ ಪ್ರತಿ ಮನೆಯಲ್ಲಿರಬೇಕು. ಪಹಣಿಯ 9ನೇ ಅಂಕಣದಲ್ಲಿ ಇನ್ನೂ ತಾತನ ಹೆಸರಿದ್ದರೆ ನೋಟಿಸು ತಾತನ ಹೆಸರಿಗೇ ಬರುತ್ತದೆ. ಪೌತಿ ಖಾತೆ ಮಾಡಿಸಿಕೊಳ್ಳಲು ಆ ನೋಟಿಸು ಬರುವವರೆಗೆ ಕಾಯಬಾರದು. ಬೇರೆಯವರ ಜಮೀನು ಮಾಡುತ್ತಿರುವವರು, ಬಗರ್ ಹುಕುಂ ಅರ್ಜಿ ಹಾಕಿ ಕಾಯುತ್ತಿರುವವರು ತಮ್ಮ ಸಾಗುವಳಿಯ ಪುರಾವೆಗಳನ್ನು ಹಿಡಿದು ತಾವೂ ಆಕ್ಷೇಪಣೆ ಹಾಕಬೇಕು, ಏಕೆಂದರೆ ಕಾಯ್ದೆ ಸ್ವಾಧೀನದಲ್ಲಿರುವವನನ್ನೂ ಲೆಕ್ಕಕ್ಕೆ ಹಿಡಿಯುತ್ತದೆ.

ವಶಕ್ಕೆ ತೆಗೆದುಕೊಂಡೆವು ಎಂಬ ಪಂಚನಾಮೆಯ ಬಗ್ಗೆಯೂ ಎಚ್ಚರ ಬೇಕು. ಖಾಲಿ ಜಮೀನಾದರೆ ಅಧಿಕಾರಿ ಸ್ಥಳಕ್ಕೆ ಹೋಗಿ ಪಂಚನಾಮೆ ಬರೆದರೆ ಸಾಕು, ಬೆಳೆ ನಿಂತಿದ್ದರೆ ಅಥವಾ ಕಟ್ಟಡವಿದ್ದರೆ ಅಷ್ಟು ಸಾಲದು, ಸ್ವಾಧೀನದಲ್ಲಿರುವವರಿಗೆ ನೋಟಿಸು ಕೊಟ್ಟು ಸ್ವತಂತ್ರ ಸಾಕ್ಷಿಗಳ ಎದುರು ಮಾಡಬೇಕು ಎಂದು ಸುಪ್ರೀಂ ಕೋರ್ಟ್ 2011ರಲ್ಲಿ ಹೇಳಿದೆ. ಹಾಗಾಗಿ ಪಂಚನಾಮೆಯ ದಿನ ಹೊಲದಲ್ಲಿ ಏನಿತ್ತು ಎಂಬುದಕ್ಕೆ ತಾರೀಖು ಸಮೇತ ಫೋಟೋ, ಬೆಳೆ ಸಮೀಕ್ಷೆಯ ದಾಖಲೆ, ಕರೆಂಟು ಬಿಲ್ಲು ಎಲ್ಲವೂ ಕೆಲಸಕ್ಕೆ ಬರುತ್ತವೆ.

ರಿಟ್ ಅರ್ಜಿ ಹಾಕುವಾಗ ವಕೀಲರಿಗೆ ಕೇಳಬೇಕಾದದ್ದು ಮಧ್ಯಂತರ ಆದೇಶದ ಒಕ್ಕಣೆಯನ್ನು. ನಮ್ಮನ್ನು ಒಕ್ಕಲೆಬ್ಬಿಸಬಾರದು ಎಂದಷ್ಟೇ ಕೇಳಿದರೆ ಅರ್ಧ ಕೇಳಿದಂತೆ. ಜಮೀನಿನ ಸ್ವರೂಪ ಬದಲಿಸಬಾರದು, ಮಣ್ಣು ತುಂಬಬಾರದು, ಕಟ್ಟಡ ಕಟ್ಟಬಾರದು, ಮೂರನೆಯವರಿಗೆ ಹಂಚಿಕೆ ಮಾಡಬಾರದು ಎಂಬುದೂ ಯಥಾಸ್ಥಿತಿ ಆದೇಶದಲ್ಲಿ ಬರಬೇಕು. ಅಂತಿಮ ಘೋಷಣೆ ಗೆಜೆಟ್ಟಿಗೆ ಬಂದ ಕೂಡಲೇ ಹೋದರೆ ಇಂಥ ಆದೇಶ ಸಿಗುವ ಸಾಧ್ಯತೆ ಹೆಚ್ಚು. ಬೇಲಿ ಬಿದ್ದು, ಜೆಸಿಬಿ ಇಳಿದು, ಬೇರೆಯವರಿಗೆ ಹಂಚಿಕೆ ಪತ್ರ ಹೋದ ಮೇಲೆ ಅರ್ಜಿ ಹಾಕಿದರೆ, ಇಷ್ಟು ದಿನ ಎಲ್ಲಿದ್ದಿರಿ ಎಂಬ ಪ್ರಶ್ನೆಗೆ ಮೊದಲು ಉತ್ತರ ಕೊಡಬೇಕಾಗುತ್ತದೆ.